ಶನಿ ಅಂದರೆ ಯಾರು? ಆಕಾಶದವನೋ, ಕಥೆಯವನೋ, ಜಾತಕದವನೋ

2025ರ ಮಾರ್ಚ್‌ನಲ್ಲಿ ಶನಿಯ ಬಗ್ಗೆ ಮೂರು ಸುದ್ದಿ ಬಂದವು. 11ನೇ ತಾರೀಕು, ಶನಿಗ್ರಹವನ್ನು ಸುತ್ತುವ 128 ಹೊಸ ಉಪಗ್ರಹಗಳಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮನ್ನಣೆ ಕೊಟ್ಟಿತು. ಒಟ್ಟು ಲೆಕ್ಕ 274ಕ್ಕೆ ಏರಿತು. 23ನೇ ತಾರೀಕು, ಶನಿಯ ಉಂಗುರಗಳು ಭೂಮಿಯ ಕಡೆಗೆ ನೇರವಾಗಿ ಅಂಚು ತೋರಿಸಿದವು. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ, ಆಗ ಉಂಗುರ ಮಾಯವಾದ ಹಾಗೆ ತೋರುತ್ತದೆ. 29ನೇ ತಾರೀಕು, ಯುಗಾದಿಯ ಹಿಂದಿನ ದಿನ, ಶನಿ ಕುಂಭ ರಾಶಿ ಬಿಟ್ಟು ಮೀನಕ್ಕೆ ಬಂದ.

ನಮ್ಮ ಮನೆಗೆ ತಲುಪಿದ್ದು ಮೂರನೆಯ ಸುದ್ದಿ ಮಾತ್ರ. ಬೆಳಿಗ್ಗೆಯೇ ದೊಡ್ಡಮ್ಮ ಫೋನ್ ಮಾಡಿದರು. "ಆರು ಗ್ರಹ ಒಂದೇ ಮನೇಲಿ ಕೂತಿವೆಯಂತೆ, ಗ್ರಹಣ ಬೇರೆ. ನಂದು ಕುಂಭ ರಾಶಿ ಕಣೋ, ಇನ್ನೂ ಎರಡು ವರ್ಷ ಕಾಟ ಇದೆಯಂತೆ" ಅಂದರು. ಧ್ವನಿಯಲ್ಲಿ ನಿಜವಾದ ಹೆದರಿಕೆ ಇತ್ತು. ಶನಿ ಮಕರಕ್ಕೆ ಬಂದ 2020ರ ಜನವರಿಯಿಂದ ಅವರಿಗೆ ಸಾಡೇಸಾತಿ, ಅಂದರೆ ಶನಿಯ ಏಳೂವರೆ ವರ್ಷದ ಕಾಟ. ಆ ಐದು ವರ್ಷದಲ್ಲಿ ದೊಡ್ಡಪ್ಪ ತೀರಿಕೊಂಡರು, ಮಗನ ಅಂಗಡಿ ಮುಚ್ಚಿತು. ಯಾರೋ ಒಬ್ಬ ಜ್ಯೋತಿಷಿ ಹೇಳಿದ ಶಾಂತಿ ಮಾಡಿಸಲು ದೊಡ್ಡಮ್ಮ ಕೈಬಳೆ ಅಡವಿಟ್ಟರು. ಅದನ್ನು ಇನ್ನೂ ಬಿಡಿಸಿಕೊಂಡಿಲ್ಲ.

ಈ ಮೂರು ಸುದ್ದಿಯಲ್ಲಿರುವ ಶನಿ ಒಬ್ಬನೇನಾ? ಅವತ್ತಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು.

ನಮ್ಮ ಮಾತನ್ನೇ ಗಮನಿಸಿ. ಶಾಲೆಯ ಪುಸ್ತಕದಲ್ಲಿ ಅದು "ಶನಿಗ್ರಹ", ನಪುಂಸಕಲಿಂಗ. ಪಾವಗಡದ ದೇವಸ್ಥಾನದಲ್ಲಿ "ಶನಿಮಹಾತ್ಮ ಸ್ವಾಮಿ". ಜಾತಕ ಹಿಡಿದವರ ಬಾಯಲ್ಲಿ ಬರೀ "ಶನಿ". ಜಗಳದಲ್ಲಿ "ಶನಿ ಹೆಗಲೇರಿದ ಹಾಗೆ". ಯಾರೂ ಹೇಳಿಕೊಡದೆಯೇ ಕನ್ನಡಿಗರು ಈ ಮೂವರನ್ನು ಬೇರೆ ಬೇರೆ ಕರೆಯುವುದನ್ನು ಕಲಿತಿದ್ದೇವೆ. ಒಬ್ಬನ ಲೆಕ್ಕವನ್ನು ಇನ್ನೊಬ್ಬನ ಖಾತೆಗೆ ಬರೆದಾಗ ತೊಂದರೆ ಶುರುವಾಗುತ್ತದೆ.

ಹಳೆಯ ಪೂರ್ತಿ ಹೆಸರು ಶನೈಶ್ಚರ. ಶನೈಃ ಅಂದರೆ ಮೆಲ್ಲಗೆ, ಚರ ಅಂದರೆ ನಡೆಯುವವ. ಮೆಲ್ಲಗೆ ನಡೆಯುವವ, ಅಷ್ಟೇ. ಆ ಹೆಸರಲ್ಲಿ ಕೋಪವಿಲ್ಲ, ಶಾಪವಿಲ್ಲ. "ಮಂದ" ಎಂಬ ಇನ್ನೊಂದು ಹೆಸರೂ ಅದನ್ನೇ ಹೇಳುತ್ತದೆ. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 27 ದಿನ ಸಾಕು. ಗುರುವಿಗೆ ಸುಮಾರು 12 ವರ್ಷ. ಶನಿಗೆ ಇಪ್ಪತ್ತೊಂಬತ್ತೂವರೆ. ಒಂದು ಮಗು ಹುಟ್ಟಿದಾಗ ಶನಿ ಯಾವ ನಕ್ಷತ್ರದ ಪಕ್ಕ ಇತ್ತೋ, ಆ ಮಗು ಬೆಳೆದು ತಾನೇ ತಾಯಿಯಾಗುವ ಹೊತ್ತಿಗೆ ಅಲ್ಲಿಗೆ ಮರಳುತ್ತದೆ. ಇಂಥದ್ದನ್ನು ಒಬ್ಬರೇ ನೋಡಿ ಮುಗಿಸಲು ಆಗುವುದಿಲ್ಲ. ಅಜ್ಜ ನೋಡಿಟ್ಟಿದ್ದನ್ನು ಮೊಮ್ಮಗ ಮುಂದುವರಿಸಬೇಕು.

ನಮ್ಮವರು ಹಾಗೆ ನೋಡಿದ್ದರು. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯ ಎಂಬ ಆರ್ಯಭಟನ ಗ್ರಂಥದಲ್ಲಿ 43,20,000 ವರ್ಷದ ಒಂದು ಯುಗಕ್ಕೆ ಶನಿ 1,46,564 ಸುತ್ತು ಬರುತ್ತದೆ ಎಂಬ ಲೆಕ್ಕವಿದೆ. ಭಾಗಿಸಿ ನೋಡಿ. ಒಂದು ಸುತ್ತಿಗೆ 29.475 ವರ್ಷ. ಇಂದಿನ ಲೆಕ್ಕ ಸುಮಾರು 29.46. ದೂರದರ್ಶಕ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಬ್ಯಾಬಿಲೋನಿನವರೂ ಇದೇ ಗ್ರಹವನ್ನು "ಕಯ್ಯಮಾನು" ಎಂದು ಕರೆದರು, ಸ್ಥಿರವಾಗಿರುವವ ಎಂದು ಅರ್ಥ. ಅಲ್ಲಿಯವರ ಕಣ್ಣಿಗೂ ಬಿದ್ದದ್ದು ಅದೇ ನಿಧಾನ.

ಶನಿವಾರಕ್ಕೆ ಆ ಹೆಸರು ಬಂದದ್ದೂ ಈ ನಿಧಾನದಿಂದಲೇ. ಹಿಂದಿನವರು ಗ್ರಹಗಳನ್ನು ನಿಧಾನದಿಂದ ವೇಗಕ್ಕೆ ಜೋಡಿಸಿದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳಿಗೆ, ಅಂದರೆ ಗಂಟೆಗಳಿಗೆ, ಇವರನ್ನು ಸರದಿಯಂತೆ ಒಡೆಯರನ್ನಾಗಿ ಮಾಡಿದರು. ಮೊದಲ ಹೋರೆ ಶನಿಯದಾದರೆ ಆ ದಿನ ಶನಿವಾರ. 24 ಹೋರೆ ಮುಗಿದು 25ನೆಯದು ಬಂದಾಗ ಸರದಿ ರವಿಯದು. ಹಾಗಾಗಿ ಮರುದಿನ ಭಾನುವಾರ. ಮತ್ತೆ ಎಣಿಸಿದರೆ ಚಂದ್ರ, ಸೋಮವಾರ. ಆರ್ಯಭಟ ಈ ಕ್ರಮವನ್ನೂ ಹೇಳಿದ್ದಾನೆ, ಶನೈಶ್ಚರನಿಂದ ಶುರು ಮಾಡಿ ನಾಲ್ಕನೆಯವನು ಮುಂದಿನ ದಿನದ ಒಡೆಯ ಎಂದು. "ಹೋರಾ" ಎಂಬ ಪದ ಬಂದದ್ದು ಗ್ರೀಕ್ ಭಾಷೆಯಿಂದ. ವಾರದ ಹೆಸರುಗಳು ಯಾವುದೇ ಒಂದು ದೇಶದ ಸ್ವತ್ತಲ್ಲ.

ಮೆಲ್ಲಗೆ ನಡೆಯುವವ ಹೆದರಿಸುವವನಾದದ್ದು ಹೇಗೆ? ಒಂದು ಸುಳಿವು ಅಕ್ಷರದಲ್ಲೇ ಇದೆ. ಶನೈಶ್ಚರ ಎಂಬುದು ಜನರ ಬಾಯಲ್ಲಿ ಶನೈಶ್ವರ, ಶನೀಶ್ವರ, ಶನೇಶ್ವರ ಆಯಿತು. "ಚ" ಜಾಗಕ್ಕೆ "ವ" ಬಂತು. ನಡೆಯುವವನು ಈಶ್ವರನಾದ. ಎಷ್ಟೋ ದೇವಸ್ಥಾನಗಳ ಬೋರ್ಡಿನ ಮೇಲೆ ಈಗಲೂ ಈ ಎರಡನೆಯ ರೂಪವೇ ಇದೆ. ತಪ್ಪು ಅಂತ ಹೇಳುತ್ತಿಲ್ಲ, ಜನ ಬಳಸಿದ್ದೇ ಭಾಷೆ. ಆದರೆ ಆ ಒಂದು ಅಕ್ಷರದ ಜೊತೆ ಅರ್ಥವೂ ಬದಲಾಯಿತು.

"ಗ್ರಹ" ಎಂಬ ಪದದ್ದೂ ಇಂಥದೇ ಕಥೆ. ಗ್ರೀಕರ ಪದಕ್ಕೆ ಅಲೆಮಾರಿ ಎಂದು ಅರ್ಥ. ನಮ್ಮ ಗ್ರಹಕ್ಕೆ ಹಿಡಿಯುವಂಥದ್ದು ಎಂದು ಅರ್ಥ. ಮಕ್ಕಳಿಗೆ ತಗುಲುವ ಬಾಲಗ್ರಹವೂ ಗ್ರಹವೇ. ಅದಕ್ಕೇ ನವಗ್ರಹದ ಪಟ್ಟಿಯಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಇದ್ದಾರೆ, ಭೂಮಿ ಇಲ್ಲ. ಭೂಮಿ ನಮ್ಮನ್ನು ಹಿಡಿಯುವುದಿಲ್ಲ, ಹೊತ್ತಿದೆ. ಆಮೇಲೆ ಖಗೋಳದ ಪಾಠವನ್ನು ಕನ್ನಡಕ್ಕೆ ತಂದಾಗ ಸೂರ್ಯನ ಸುತ್ತ ತಿರುಗುವ ಕಾಯಗಳಿಗೂ ಇದೇ ಪದ ಬಿತ್ತು. ಪದ ಒಂದೇ, ಪಟ್ಟಿ ಎರಡು. "ಗ್ರಹಚಾರ" ನೋಡಿ, ಗ್ರಹಗಳ ನಡೆ ಎಂಬಷ್ಟೇ ಅದರ ಅರ್ಥ. ನಮ್ಮ ಬಾಯಲ್ಲಿ ಅದು ದುರದೃಷ್ಟ. "ಎಲ್ಲಾ ನನ್ನ ಗ್ರಹಚಾರ" ಎನ್ನುವಾಗ ಯಾರೂ ಆಕಾಶ ನೋಡುವುದಿಲ್ಲ.

ಪುರಾಣದ ಶನಿ ಸೂರ್ಯನ ಮಗ. ಸೂರ್ಯನ ತಾಪ ತಡೆಯಲಾರದೆ ಹೆಂಡತಿ ಸಂಜ್ಞೆ ತನ್ನ ನೆರಳನ್ನೇ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಆ ನೆರಳು, ಅಂದರೆ ಛಾಯೆ, ಹೆತ್ತ ಮಗ ಶನಿ. ಯಮ, ಯಮುನೆ ಸಂಜ್ಞೆಯ ಮಕ್ಕಳು. ತಪತಿ ಶನಿಯ ಒಡಹುಟ್ಟಿದವಳು, ಅವಳೇ ತಾಪಿ ನದಿ ಎನ್ನುತ್ತಾರೆ. ಮಾರ್ಕಂಡೇಯ ಪುರಾಣದಲ್ಲಿ ಮಲತಾಯಿ ಛಾಯೆಗೆ ಕಾಲೆತ್ತಿ ಶಾಪ ತಿಂದವನು ಯಮ. ಆದರೆ ಜನಪ್ರಿಯ ಕಥೆಗಳಲ್ಲಿ ಕುಂಟುವವನು ಶನಿ. ದಿನಾ ಹೇಳುವ ನವಗ್ರಹ ಸ್ತೋತ್ರದಲ್ಲಿ ಶನಿ "ಯಮಾಗ್ರಜ", ಯಮನ ಅಣ್ಣ. ಪುರಾಣದ ಲೆಕ್ಕಕ್ಕೆ ತಮ್ಮನಾಗಬೇಕು. ಕಥೆಗೆ ಈ ತಾಳೆ ಬೇಕಿಲ್ಲ. ಕಥೆಗೆ ಬೇಕಾದ್ದು ಕಂಡ ಸತ್ಯಕ್ಕೊಂದು ಮುಖ. ಸೂರ್ಯನಿಂದ ಅತಿ ದೂರ ಇರುವುದು ಅಪ್ಪನೊಂದಿಗೆ ಸರಿಬಾರದ ಮಗನಾಯಿತು. ಮಂಕು ಬೆಳಕು ನೆರಳಿನ ಬಸಿರಾಯಿತು. ನಿಧಾನ ಕುಂಟುಕಾಲಾಯಿತು. ನನಗಂತೂ ಇದು ಬಹಳ ಸುಂದರ ಎನಿಸುತ್ತದೆ.

ಪಾವಗಡದ ಹೆಸರು ಹೇಳಿದೆನಲ್ಲ, ಅದೇ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯ ಸೌರ ವಿದ್ಯುತ್ ಪಾರ್ಕ್ ಕೂಡ ಇದೆ. ಅಪ್ಪ ಮಗ ಇಬ್ಬರಿಗೂ ಅಲ್ಲಿ ಜಾಗ ಸಿಕ್ಕಿದೆ.

ನಮ್ಮ ಕಡೆ ಶ್ರಾವಣ ಶನಿವಾರ ಶನಿಮಹಾತ್ಮೆ ಓದಿಸುತ್ತಾರೆ. ಅಜ್ಜಿ ಓದಿಸುತ್ತಿದ್ದಾಗ ನಾನು ಪ್ರಸಾದಕ್ಕಾಗಿ ಕೂರುತ್ತಿದ್ದೆ, ಆದರೂ ಕಥೆ ಒಳಗೆ ಇಳಿಯಿತು. ವಿಕ್ರಮಾದಿತ್ಯ ಶನಿಯನ್ನು ಹಗುರವಾಗಿ ನೋಡುತ್ತಾನೆ. ಚಿತ್ರದ ಹಂಸ ಮುತ್ತಿನ ಹಾರ ನುಂಗುತ್ತದೆ, ಕಳ್ಳತನದ ಆರೋಪ ರಾಜನ ಮೇಲೆ ಬರುತ್ತದೆ. ಕೈಕಾಲು ಕಡಿಸುತ್ತಾರೆ. ಗಾಣಿಗನ ಮನೆಯಲ್ಲಿ ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಾನೆ, ಹಾಡುತ್ತಾನೆ. ಏಳೂವರೆ ವರ್ಷ ಮುಗಿದ ಮೇಲೆ ಕೈಕಾಲು, ರಾಜ್ಯ ಎಲ್ಲವೂ ಮರಳುತ್ತವೆ. ತನಗೆ ಕೊಟ್ಟ ಕಷ್ಟ ಇನ್ಯಾರಿಗೂ ಕೊಡಬೇಡ ಎಂದು ಅವನು ಶನಿಯನ್ನು ಕೇಳಿಕೊಳ್ಳುತ್ತಾನೆ.

ಈ ಕಥೆಯಲ್ಲಿ ಪರಿಹಾರ ಮಾರುವವರು ಯಾರೂ ಬರುವುದಿಲ್ಲ. ರಾಜ ದುಡ್ಡು ಕೊಟ್ಟು ಅವಧಿ ಕಡಿಮೆ ಮಾಡಿಸಿಕೊಳ್ಳುವುದಿಲ್ಲ. ಗಾಣಿಗನೊಬ್ಬ ಮನೆಯಲ್ಲಿ ಜಾಗ ಕೊಡುತ್ತಾನೆ, ರಾಜ ಆ ಕೆಲಸ ಮಾಡಿಕೊಂಡು ಕಾಯುತ್ತಾನೆ. ಅಜ್ಜಿಯ ಕಾಲದಲ್ಲಿ ಈ ಕಥೆ ಕಷ್ಟದಲ್ಲಿರುವವರಿಗೆ ಧೈರ್ಯ ಹೇಳಲು ಓದಿಸುತ್ತಿದ್ದದ್ದು. ಈಗ ಮೊಬೈಲಿನಲ್ಲಿ ಬರುವ ವಿಡಿಯೋಗಳು ಕೈಕಾಲು ಕಡಿಸುವ ಭಾಗವನ್ನು ಇಟ್ಟುಕೊಂಡು ಕೊನೆಯನ್ನು ಬಿಟ್ಟುಬಿಡುತ್ತವೆ.

ಪಶ್ಚಿಮದಲ್ಲಿ ಇದೇ ಗ್ರಹಕ್ಕೆ ಬೇರೆಯೇ ಮನೆತನ. ರೋಮನ್ನರ ಸ್ಯಾಟರ್ನ್ ಬಿತ್ತನೆಯ ದೇವರು. ಡಿಸೆಂಬರ್ 17ಕ್ಕೆ ಶುರುವಾಗುವ ಅವನ ಹಬ್ಬದಲ್ಲಿ ಒಡೆಯರೇ ಆಳುಗಳಿಗೆ ಊಟ ಬಡಿಸುತ್ತಿದ್ದರು. ಗ್ರೀಕರ ಕ್ರೋನಸ್ ಜೊತೆ ಸೇರಿಕೊಂಡ ಮೇಲೆ ಅವನಿಗೆ ಕರಾಳ ಕಥೆಯೂ ಅಂಟಿತು. ತನ್ನ ಪಟ್ಟ ಕಸಿಯುತ್ತಾರೆಂಬ ಭಯದಿಂದ ಹುಟ್ಟಿದ ಮಕ್ಕಳನ್ನೆಲ್ಲ ನುಂಗಿದವನು ಕ್ರೋನಸ್.

ಆ ಕಥೆ ಖಗೋಳದೊಳಗೂ ಒಮ್ಮೆ ನುಗ್ಗಿತು. 1610ರಲ್ಲಿ ಗೆಲಿಲಿಯೋ ದೂರದರ್ಶಕವನ್ನು ಶನಿಯ ಕಡೆ ತಿರುಗಿಸಿದಾಗ ನಡುವೆ ಒಂದು, ಅಕ್ಕಪಕ್ಕ ಎರಡು ಚಿಕ್ಕವು ಕಂಡವು. ಅವು ಉಂಗುರದ ಎರಡು ತುದಿಗಳು ಎಂದು ಅವನಿಗೆ ತಿಳಿಯಲಿಲ್ಲ. 1612ರಲ್ಲಿ ನೋಡಿದರೆ ಅಕ್ಕಪಕ್ಕದವು ಇಲ್ಲ. ಶನಿ ತನ್ನ ಮಕ್ಕಳನ್ನು ನುಂಗಿಬಿಟ್ಟನೇ ಎಂದು ಪತ್ರದಲ್ಲಿ ಕೇಳಿದ. 2025ರ ಮಾರ್ಚ್‌ನಲ್ಲಿ ಆದದ್ದು ಅದೇ ಘಟನೆಯ ಪುನರಾವರ್ತನೆ. ಉಂಗುರಗಳ ಅಗಲ ಸುಮಾರು 2,80,000 ಕಿಲೋಮೀಟರ್, ದಪ್ಪ ಬಹುಪಾಲು ಕಡೆ ಹತ್ತಾರು ಮೀಟರ್. ಅಂಚಿನಿಂದ ನೋಡಿದರೆ ಕಾಣುವುದೆಲ್ಲಿಂದ? 1659ರಲ್ಲಿ ಹೈಗೆನ್ಸ್ ಇದು ಉಂಗುರ ಎಂದು ಬಿಡಿಸಿ ಹೇಳಿದ. ಅದು ಗಟ್ಟಿ ತಟ್ಟೆಯಾಗಿರಲು ಸಾಧ್ಯವಿಲ್ಲ, ಲೆಕ್ಕವಿಲ್ಲದಷ್ಟು ಚೂರುಗಳ ಗುಂಪು ಎಂದು 1859ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ.

ಖಗೋಳದವರು ಪುರಾಣವನ್ನು ಬಿಟ್ಟಿಲ್ಲ, ಹೆಸರಿಡಲು ಇಟ್ಟುಕೊಂಡಿದ್ದಾರೆ. ಶನಿಯ ಉಪಗ್ರಹಗಳಾದ ಟೈಟನ್, ರಿಯಾ, ಇಯಾಪಿಟಸ್ ಎಲ್ಲ ಕ್ರೋನಸ್‌ನ ಬಳಗದ ಹೆಸರುಗಳು. 1847ರಲ್ಲಿ ಜಾನ್ ಹರ್ಷೆಲ್ ಕೊಟ್ಟ ಸಲಹೆ ಅದು. ಉಪಗ್ರಹ ಜಾಸ್ತಿಯಾದ ಮೇಲೆ ಇನ್ಯೂಟ್, ನಾರ್ಸ್, ಗಾಲಿಕ್ ಕಥೆಗಳ ಹೆಸರುಗಳೂ ಬಂದವು. ಅಲ್ಲಿ ಹೆಸರು ಬರೀ ಚೀಟಿ. ಹೆಸರು ನೋಡಿ ಯಾರೂ ಗುಣ ಹೇಳುವುದಿಲ್ಲ. ಹೇಳಿದರೆ ಎಡವುತ್ತಾರೆ. ಮಂದ ಎಂಬ ಹೆಸರಿನ ಈ ಗ್ರಹ ತನ್ನ ಸುತ್ತ ತಾನು ತಿರುಗಲು ಹತ್ತೂವರೆ ಗಂಟೆ ಸಾಕು. ಆ ರಭಸಕ್ಕೆ ಅದರ ಸೊಂಟವೇ ಉಬ್ಬಿದೆ. ಕಾಡಿಗೆಯಂತೆ ಕಪ್ಪು ಎಂದು ಸ್ತೋತ್ರ ಹೇಳಿದರೆ, ನಿಜವಾದ ಬಣ್ಣ ಬೆಣ್ಣೆಯ ತಿಳಿ ಹಳದಿ. ಅದರ ಸಾಂದ್ರತೆ ನೀರಿಗಿಂತಲೂ ಕಡಿಮೆ.

ಇನ್ನು ಜ್ಯೋತಿಷ. ಇಲ್ಲಿ ಶನಿ ದುಃಖ, ತಡ, ಮುಪ್ಪು, ದುಡಿಮೆ, ಸಾವುಗಳ ಕಾರಕ. ಇದರ ಹಿಂದೆಯೂ ಆಕಾಶದ ಒಂದು ನೋಟವಿದೆ. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಶನಿಯೇ ಕೊನೆಯದು. ಅದರಾಚೆ ನಕ್ಷತ್ರಗಳು ಮಾತ್ರ. ಹಿಂದಿನವರಿಗೆ ಅದು ಲೋಕದ ಬೇಲಿ. ಬೇಲಿಯ ಬಳಿ ಇರುವವನಿಗೆ ಮಿತಿ, ಕೊನೆ, ಸಾವು ಎಂಬ ಕೆಲಸ ಬಿತ್ತು. ರಾಶಿಗಳ ಒಡೆತನವೂ ಹಾಗೆಯೇ ಹಂಚಿಕೆಯಾಗಿದೆ. ಕರ್ಕ, ಸಿಂಹ ಚಂದ್ರ ಸೂರ್ಯರಿಗೆ. ಅಲ್ಲಿಂದ ಎರಡೂ ಕಡೆ ಬುಧ, ಶುಕ್ರ, ಕುಜ, ಗುರು ಎಂದು ಹಂಚುತ್ತ ಹೋದರೆ ಕಟ್ಟಕಡೆಗೆ, ಸರಿಯಾಗಿ ಎದುರಿಗೆ, ಮಕರ ಮತ್ತು ಕುಂಭ ಶನಿಗೆ ಉಳಿಯುತ್ತವೆ. 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಕಂಡುಹಿಡಿದಾಗ ಬೇಲಿ ಮುರಿಯಿತು. ಶನಿಗೆ ಕೊಟ್ಟಿದ್ದ ಕೆಲಸ ಮಾತ್ರ ಬದಲಾಗಲಿಲ್ಲ.

ಸಾಡೇಸಾತಿಯ ಏಳೂವರೆ ಎಲ್ಲಿಂದ ಬಂತು? ಇಪ್ಪತ್ತೊಂಬತ್ತೂವರೆ ವರ್ಷವನ್ನು 12 ರಾಶಿಗೆ ಹಂಚಿದರೆ ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಒಟ್ಟು ಮೂರು. ಎರಡೂವರೆ ಮೂರಲ ಏಳೂವರೆ. ಸಂಖ್ಯೆ ಖಗೋಳದ್ದು. ಆ ಏಳೂವರೆ ವರ್ಷದಲ್ಲಿ ಕೆಡುಕಾಗುತ್ತದೆ ಎಂಬ ಮಾತು ಖಗೋಳದ್ದಲ್ಲ. ಹೆದರಿಸುವವರು ಮೊದಲನೆಯದರ ಖಚಿತತೆಯನ್ನು ತೋರಿಸಿ ಎರಡನೆಯದನ್ನು ಒಪ್ಪಿಸುತ್ತಾರೆ. "ತಾರೀಕು ಸರಿಯಾಗಿ ಹೇಳಿದರಲ್ಲ" ಎಂದು ದೊಡ್ಡಮ್ಮ ನಂಬಿದ್ದು ಅದಕ್ಕೇ.

ಇನ್ನೊಂದು ಲೆಕ್ಕ ಮಾಡೋಣ, ನನಗೆ ಇದೇ ಮುಖ್ಯ. ಹನ್ನೆರಡರಲ್ಲಿ ಮೂರು ರಾಶಿಗೆ ಯಾವಾಗಲೂ ಸಾಡೇಸಾತಿ ಇರುತ್ತದೆ. ಶನಿ ಮೀನದಲ್ಲಿರುವ ತನಕ, ಅಂದರೆ 2027ರ ಜೂನ್‌ವರೆಗೆ, ಅದು ಕುಂಭ, ಮೀನ, ಮೇಷದವರಿಗೆ. ಅಂದರೆ ಕಾಲು ಭಾಗ ಜನ. 2011ರ ಜನಗಣತಿಯಂತೆ 6.11 ಕೋಟಿ ಇದ್ದ ಕರ್ನಾಟಕದಲ್ಲಿ ಸುಮಾರು ಒಂದೂವರೆ ಕೋಟಿ. ಇದಕ್ಕೆ ಸಿಂಹದವರ ಅಷ್ಟಮ ಶನಿ (ಜನ್ಮರಾಶಿಯಿಂದ ಎಂಟನೆಯ ಮನೆಯ ಶನಿ), ಧನುವಿನವರ ಅರ್ಧಾಷ್ಟಮ ಶನಿ (ನಾಲ್ಕನೆಯ ಮನೆಯ ಶನಿ) ಸೇರಿಸಿ. ಐದು ರಾಶಿ ಆಯಿತು. ನೂರಕ್ಕೆ 42 ಜನ ಯಾವಾಗಲೂ ಯಾವುದೋ ಒಂದು ಶನಿಕಾಟದಲ್ಲಿ ಇರಲೇಬೇಕು. 75 ವರ್ಷ ಬದುಕಿದವರು ಬರೀ ಸಾಡೇಸಾತಿಯಲ್ಲೇ ಸುಮಾರು 19 ವರ್ಷ ಕಳೆದಿರುತ್ತಾರೆ. ಇಷ್ಟು ದೊಡ್ಡ ಬಲೆ ಬೀಸಿದರೆ ಯಾರ ಮನೆಯ ಯಾವ ಕಷ್ಟ ಅದರೊಳಗೆ ಬೀಳುವುದಿಲ್ಲ ಹೇಳಿ? 2020, 2021ರ ಕೋವಿಡ್ ಹನ್ನೆರಡೂ ರಾಶಿಯ ಮನೆಗೆ ಬಂತು. ದೊಡ್ಡಪ್ಪನನ್ನು ಕರೆದೊಯ್ದದ್ದೂ ಅದೇ.

ತಾರೀಕಿನ ಖಚಿತತೆಯೂ ಅಂದುಕೊಂಡಷ್ಟಿಲ್ಲ. 2025ರ ಮಾರ್ಚ್‌ನಲ್ಲಿ ಮೀನ ಪ್ರವೇಶ ಎಂದದ್ದು ದೃಕ್ ಪಂಚಾಂಗ, ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ತಾಳೆಯಾಗುವಂತೆ ಲೆಕ್ಕ ಹಾಕುವಂಥದ್ದು. ಶನಿಯ ಕ್ಷೇತ್ರವೆಂದೇ ಹೆಸರಾದ ಕಾರೈಕಲ್ ಬಳಿಯ ತಿರುನಳ್ಳಾರ್ ದೇವಸ್ಥಾನ, ತಾವು ಅನುಸರಿಸುವ, ಹಳೆಯ ಸೂತ್ರಗಳಿಂದ ಲೆಕ್ಕ ಹಾಕುವ ವಾಕ್ಯ ಪಂಚಾಂಗದಂತೆ ಅದು ನಡೆಯುವುದು 2026ರಲ್ಲಿ ಎಂದು ಆಗಲೇ ಸ್ಪಷ್ಟಪಡಿಸಿತ್ತು. ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಪಶ್ಚಿಮದ ಜ್ಯೋತಿಷಿಗಳಿಗೆ ರಾಶಿಚಕ್ರ ಶುರುವಾಗುವ ಜಾಗವೇ ಬೇರೆ, ಸುಮಾರು 24 ಡಿಗ್ರಿ ವ್ಯತ್ಯಾಸ. ಹಾಗಾಗಿ 2025ರ ಮೇ ಕೊನೆಗೆ ಅವರ ಶನಿ ಮೇಷದಲ್ಲಿದ್ದ. ವಾಕ್ಯ ಪಂಚಾಂಗಕ್ಕೆ ಕುಂಭ, ದೃಕ್‌ಗೆ ಮೀನ, ಪಶ್ಚಿಮಕ್ಕೆ ಮೇಷ. ಗ್ರಹ ಮಾತ್ರ ಒಂದೇ ಕಡೆ, ಸೂರ್ಯನಿಂದ ಸುಮಾರು 143 ಕೋಟಿ ಕಿಲೋಮೀಟರ್ ದೂರದಲ್ಲಿ.

ಜಾತಕದ ಮಾತನ್ನು ಪರೀಕ್ಷಿಸಿದವರೂ ಇದ್ದಾರೆ. ಖಗೋಳ ವಿಜ್ಞಾನಿ ಜಯಂತ ನಾರ್ಲೀಕರ್ ಮತ್ತು ಜೊತೆಗಾರರು ಮಹಾರಾಷ್ಟ್ರದಲ್ಲಿ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟರು. ಯಾವುದು ಚುರುಕು ಮಗುವಿನದು, ಯಾವುದು ಬುದ್ಧಿಮಾಂದ್ಯ ಮಗುವಿನದು ಹೇಳಿ ಎಂದರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸರಿ ಉತ್ತರ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಹೆಸರಿನ ಜಗಳ ಕೋರ್ಟಿಗೂ ಹೋಗಿದೆ. 2001ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, "ಜ್ಯೋತಿರ್ವಿಜ್ಞಾನ" ಎಂಬ ಹೆಸರಲ್ಲಿ ಕೋರ್ಸು ತರಲು ಹೊರಟಾಗ ವಿಜ್ಞಾನಿಗಳು ವಿರೋಧಿಸಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಅವರ ಮನವಿ ಒಪ್ಪಲಿಲ್ಲ. ಆ ಹೆಸರಿನ ಕೊನೆಯಲ್ಲಿ "ವಿಜ್ಞಾನ" ಇರಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಖಗೋಳದ ಹೆಸರನ್ನು ಜಾತಕ ಎರವಲು ಪಡೆದಂತಾಯಿತು.

ದೊಡ್ಡಮ್ಮನಿಗೆ ಈ ಎಲ್ಲ ಲೆಕ್ಕ ಹೇಳಲು ನಾನು ಹೋಗಲಿಲ್ಲ. ಶ್ರಾವಣದಲ್ಲಿ ಎಳ್ಳೆಣ್ಣೆ ದೀಪ ಹಚ್ಚಬೇಡಿ ಅಂತಲೂ ಹೇಳಲಿಲ್ಲ, ಅದು ಅವರಿಗೆ ನೆಮ್ಮದಿ. ಬಳೆ ಬಿಡಿಸಿಕೊಳ್ಳೋಣ, ಇನ್ನೊಂದು ಶಾಂತಿ ಬೇಡ ಎಂದಷ್ಟೇ ಕೇಳಿಕೊಂಡೆ. ಅಕ್ಟೋಬರ್‌ನಲ್ಲಿ ಅವರು ಬೆಂಗಳೂರಿಗೆ ಬಂದಿದ್ದಾಗ ಗೆಳೆಯನ ತಾರಸಿಗೆ ಕರೆದುಕೊಂಡು ಹೋದೆ. ಅವನ ಹತ್ತಿರ ಸಣ್ಣ ದೂರದರ್ಶಕ ಇದೆ. ಉಂಗುರ ಇನ್ನೂ ತೆಳ್ಳಗಿತ್ತು, ಕಡ್ಡಿ ಚುಚ್ಚಿದ ನಿಂಬೆಹಣ್ಣಿನ ಹಾಗೆ. ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಇವನೇನಾ?" ಅಂದರು. "ಕುಂಟೋದು ಎಲ್ಲಿ ಕಾಣ್ತದೆ?"

ದೂರದರ್ಶಕ ಬಿಟ್ಟು ಬರಿಗಣ್ಣಿಗೆ ಕಾಣುವ ಹಾಗೆ ಶನಿಯನ್ನು ತೋರಿಸಿದೆ. ಮಿನುಗದೆ ನಿಂತ ಹಳದಿ ಚುಕ್ಕೆ. ಪಕ್ಕದಲ್ಲಿದ್ದ ಒಂದು ಮಂಕು ನಕ್ಷತ್ರ ಗುರುತಿಟ್ಟುಕೊಳ್ಳಿ, ತಿಂಗಳು ಬಿಟ್ಟು ಮತ್ತೆ ನೋಡಿ ಅಂದೆ. ನವೆಂಬರ್‌ನಲ್ಲಿ ಊರಿಂದ ಫೋನ್ ಬಂತು. ಕೈ ಚಾಚಿ ಅಳೆದರಂತೆ.

"ಒಂದು ಬೆರಳು ಸರಿದಿಲ್ಲ ಕಣೋ" ಅಂದರು. "ಪಾಪ, ಎಷ್ಟು ನಿಧಾನ."